ಮೂಡಣ ಗೋಲಿನಲ್ಲಿ ವಾಸವಾಗಿರುವ ಟಗರಿನವರಿಗೆ

ಗೆ,
ಬೀರಪ್ಪನ ಹರಕೆಯ ಟಗರಿನವರು,
ಮೂಡಣ ಗೋಲು, ಶಾಲೆ ಹಿಂದಿನ ಬಯಲು,
ಕರೆಕಲ್ಲಹಟ್ಟಿ, ಕೊಟ್ಟೂರು ತಾಲೂಕು.

ವಿಷಯ: ಆರು ವರ್ಷದ ಹಿಂದೆ ಫೈನಲ್ಲಿನ ಕೊನೇ ನಿಮಿಷದಲ್ಲಿ ತಾವು ಹೊಡೆದ ಗೋಲಿನಿಂದ ಊರಿಗೆ ಆಗಿರುವ, ಇನ್ನೂ ಆಗುತ್ತಲೇ ಇರುವ ಮಹದುಪಕಾರದ ಕುರಿತು.

ಮಾನ್ಯರೇ,

ತಮ್ಮ ಕೊಂಬಿನ ಸುರುಳಿಗಳು ಇನ್ನಷ್ಟು ಬಿಗಿಯಾಗಲಿ, ತಮ್ಮ ತುಪ್ಪಳಕ್ಕೆ ಯಾವ ಹುಳವೂ ಹತ್ತದಿರಲಿ, ತಮ್ಮ ಮುಂದೆ ಬೀಳುವ ಶೇಂಗಾ ಹೊಟ್ಟು ಎಂಥ ಬೇಸಿಗೆಯಲ್ಲೂ ತೆಳ್ಳಗಾಗದಿರಲಿ ಎಂದು ಹಾರೈಸುತ್ತಾ, ಇದೇ ಊರಿನ ಗಂಗಾಧರ ಸೌಂಡ್ಸ್ ಹಾಗೂ ಶಾಮಿಯಾನದ ಮಾಲೀಕನಾದ ನಾನು ಈ ಪತ್ರವನ್ನು ತಮ್ಮ ಪಾದದ, ಅಂದರೆ ತಮ್ಮ ನಾಲ್ಕೂ ಗೊರಸಿನ ಸನ್ನಿಧಿಗೆ ಅರ್ಪಿಸುತ್ತಿದ್ದೇನೆ. ತಮಗೆ ಓದು ಬಾರದೆಂಬುದು ನನಗೆ ಗೊತ್ತು. ಆದರೆ ತಮ್ಮ ಪರವಾಗಿ ಓದಿ, ತಮ್ಮ ಪರವಾಗಿಯೇ ಸಿಟ್ಟಿಗೇಳುವವರಿಗೆ ಈ ಊರಲ್ಲಿ ಬರವಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆದಿದ್ದೇನೆ. ತಮ್ಮ ಕೈಗೆ ಕೊಟ್ಟ ಕಾಗದವನ್ನು ತಾವು ಓದುವ ಬದಲು ತಿಂದುಬಿಡುವ ಸಂಭವವಿರುವುದರಿಂದ, ಇನ್ನೊಂದು ಪ್ರತಿಯನ್ನು ಹಾಲಿನ ಡೇರಿಯ ಗೋಡೆಗೆ, ತಮ್ಮ ಬಾಯಿಗೆ ಎಟುಕದ ಎತ್ತರದಲ್ಲಿ ಅಂಟಿಸಿರುತ್ತೇನೆ.

ಮೊದಲಿಗೆ ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಸೈಕಲ್ಲಿನ ಹಿಂದೆ ಒಂದೇ ಒಂದು ತುತ್ತೂರಿ ಮೈಕು ಕಟ್ಟಿಕೊಂಡು ಶುರು ಮಾಡಿದವನು ನಾನು. ಇವತ್ತು ಕೂಡ್ಲಿಗಿಯಿಂದ ಹಡಗಲಿಯವರೆಗೆ ಮದುವೆ, ಮುಂಜಿ, ಚುನಾವಣೆ ಯಾವುದೇ ಇರಲಿ, ನನ್ನ ಪೆಟ್ಟಿಗೆಗಳು ಕೂಗದೆ ಅದು ನಡೆದಂತೆ ಅಲ್ಲ. ಬಾಯಿಂದಲೇ ಬದುಕು ಕಟ್ಟಿಕೊಂಡವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ: ಜನ ಚಪ್ಪಾಳೆ ತಟ್ಟುವಾಗ ಅವನು ಚಪ್ಪಾಳೆ ಕೇಳುವುದಿಲ್ಲ, ಇದರಿಂದ ಬಂದದ್ದೆಷ್ಟು ಹೋದದ್ದೆಷ್ಟು ಎಂದು ಮನಸ್ಸಿನಲ್ಲೇ ತೂಗುತ್ತಿರುತ್ತಾನೆ. ತಮ್ಮ ಗೋಲನ್ನೂ ನಾನು ಹಾಗೆಯೇ ಆರು ವರ್ಷದಿಂದ ತೂಗುತ್ತಾ ಬಂದಿದ್ದೇನೆ. ತಕ್ಕಡಿ ಇನ್ನೂ ಒಂದೇ ಕಡೆ ವಾಲುತ್ತಿದೆ.

ಆ ಸಂಜೆಯನ್ನು ತಾವು ಮರೆತಿರಬಹುದು. ಹೊಡೆದವರು ಮರೆಯುವುದು ಲೋಕರೂಢಿ. ಐದು ತಾಲೂಕು ಕಪ್ಪಿನ ಕೊನೆಯ ಆಟ. ಒಂದು ಕಡೆ ನಾವು, ಇನ್ನೊಂದು ಕಡೆ ಹಳ್ಳದಾಚೆಯ ಎತ್ತಿನಗುಡ್ಡದವರು. ಸಮ ಆದರೂ ಸಾಕು, ಹಿಂದಿನ ವರ್ಷ ಗೆದ್ದವರೆಂದು ಕಪ್ಪು ಅವರದು, ನಾವು ಗೆಲ್ಲಲೇಬೇಕು. ಒಂದಕ್ಕೊಂದು ಗೋಲಾಗಿ ಆಟ ಮುಗಿಯುತ್ತಾ ಬಂದಿತ್ತು, ರೆಫ್ರಿ ಗಡಿಯಾರ ನೋಡಿಕೊಳ್ಳುತ್ತಿದ್ದರು, ನಾನು ಮೈಕಿನಲ್ಲಿ ಸೋತವರಿಗೆ ಹೇಳುವ ಸಮಾಧಾನದ ಮಾತುಗಳನ್ನು ನಾಲಗೆಯ ಮೇಲೆ ಹೊಂದಿಸಿಕೊಳ್ಳುತ್ತಿದ್ದೆ. ಆಗ ನಮ್ಮ ಗಾದಿಲಿಂಗ ಒಂದು ಚೆಂಡು ಒದ್ದ. ಅದು ಗೋಲಿನ ಕಡೆ ಹೋಗುತ್ತಿತ್ತೆಂದು ಹೇಳಿದರೆ ಬೀರಪ್ಪ ದೇವರು ಮೆಚ್ಚುವುದಿಲ್ಲ. ನೆಟ್ಟಗೆ ಜಾಲಿಬೇಲಿಯ ಕಡೆ ಹೋಗುತ್ತಿತ್ತು.

ಅದೇ ಹೊತ್ತಿಗೆ ತಾವು ಬೇಲಿ ಸಂದಿನಿಂದ ಮೈದಾನಕ್ಕೆ ದಯಮಾಡಿಸಿದಿರಿ. ಬೀರಪ್ಪನ ಹೆಸರಿನಲ್ಲಿ ಬಿಟ್ಟ ಟಗರನ್ನು ಯಾರೂ ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಅಡ್ಡಗಟ್ಟುವಂತಿಲ್ಲ. ಅದು ಯಾರ ಹೊಲಕ್ಕೆ ಬಾಯಿ ಹಾಕಿದರೂ ಹೊಲದವನೇ ಪುಣ್ಯವಂತ. ಆದ್ದರಿಂದ ತಾವು ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡು ಸಾವಕಾಶವಾಗಿ ಗೋಲಿನ ಮುಂದೆ ಹೆಜ್ಜೆ ಹಾಕಿದಾಗ ಇಪ್ಪತ್ತೆರಡು ಜನ ಆಟಗಾರರೂ ನಿಂತಲ್ಲೇ ನಿಂತರು. ಎತ್ತಿನಗುಡ್ಡದ ಗೋಲ್‌ಕೀಪರ್ ಅಂಜಿನಿ ಮಾತ್ರ ಚೆಂಡು ಹಿಡಿಯಲು ಎರಡೂ ಕೈ ಚಾಚಿಕೊಂಡು ತಯಾರಾಗಿದ್ದವನು, ಎದುರಿಗೆ ತಮ್ಮನ್ನು ಕಂಡೊಡನೆ ಚಾಚಿದ ಆ ಎರಡೂ ಕೈಗಳನ್ನು ಜೋಡಿಸಿ ಮುಗಿದುಬಿಟ್ಟ. ಐದು ತಾಲೂಕಿನ ಯಾವ ಗೋಲ್‌ಕೀಪರನಾದರೂ ಅದನ್ನೇ ಮಾಡುತ್ತಿದ್ದ. ಬೇಲಿಗೆ ಹೊರಟಿದ್ದ ಚೆಂಡು ತಮ್ಮ ಹಣೆಗೆ ಬಡಿದು, ಮುಗಿದ ಕೈಗಳ ಪಕ್ಕದಿಂದಲೇ ಬಲೆಯೊಳಗೆ ಹೋಯಿತು. ತಾವು ಒಂದು ಸಲ ತಲೆ ಕೊಡವಿ, ಗೋಲಿನ ಮೂಲೆಯಲ್ಲಿದ್ದ ಗರಿಕೆಗೆ ಬಾಯಿ ಹಾಕಿದಿರಿ. ಅಷ್ಟು ನಿರ್ಲಿಪ್ತ ಆಟಗಾರನನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಹರಪನಹಳ್ಳಿಯಿಂದ ಬಂದಿದ್ದ ರೆಫ್ರಿ ನಿಯಮ ಬಲ್ಲವರು. ಹೊರಗಿನ ಪ್ರಾಣಿ ಚೆಂಡಿಗೆ ತಾಗಿದರೆ ಗೋಲು ಕೊಡುವ ಹಾಗಿಲ್ಲ, ಆಟ ನಿಲ್ಲಿಸಿ ಮತ್ತೆ ಚೆಂಡು ಬಿಡಬೇಕು ಎಂದು ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಎರ್ರೆಮ್ಮ, ವಯಸ್ಸು ಎಪ್ಪತ್ತು ದಾಟಿದರೂ ಮೈಕಿನ ಹಂಗಿಲ್ಲದ ಗಂಟಲಿನ ಹೆಂಗಸು, ಗೆರೆ ದಾಟಿ ಒಳಗೆ ಬಂದು, "ಹೊರಗಿನ ಪ್ರಾಣಿ ಯಾವುದೋ ಯಪ್ಪಾ? ಅದು ಈ ಊರಾಗ ಹುಟ್ಟೈತಿ. ಹೊರಗಿಂದ ಬಂದಾಂವ ನೀನು!" ಎಂದಳು. ನಿಯಮದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹರಪನಹಳ್ಳಿಯ ಕೊನೆಯ ಬಸ್ಸಿಗೆ ಹೊತ್ತೂ ಆಗುತ್ತಿತ್ತು. ರೆಫ್ರಿ ಸೀಟಿ ಊದಿ, ಗೋಲೆಂದು ಕೈ ತೋರಿಸಿ, ಆ ಕೈಯನ್ನು ಇಳಿಸದೆ ಅದರಿಂದಲೇ ಬಸ್ಸಿಗೂ ಕೈ ಮಾಡಿ ಹೊರಟುಹೋದರು.

ಮಾನ್ಯರೇ, ಒಂದು ಗೋಲು ಹೊಡೆದವರು ಸಾಮಾನ್ಯವಾಗಿ ಒಂದು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ತಾವು ಗೋಲಿನೊಳಗೇ ಮನೆ ಮಾಡಿದಿರಿ. ಮೊದಲ ವರ್ಷ ಗೋಲುಗಂಬಕ್ಕೆ ಭಂಡಾರ ಬಿತ್ತು. ಎರಡನೆಯ ವರ್ಷ ತಾವು ಮಲಗುವ ಜಾಗಕ್ಕೆ ತಂಪಾಗಲೆಂದು ಕಟ್ಟೆ ಕಟ್ಟಿದರು. ಆಮೇಲೆ ಕಟ್ಟೆಗೆ ತಗಡು, ತಗಡಿಗೆ ಬಲ್ಬು, ಬಲ್ಬಿಗೆ ನನ್ನ ಅಂಗಡಿಯಿಂದಲೇ ವೈರು. ಬಸ್ಸಿನ ಕಂಡಕ್ಟರುಗಳು ನಮ್ಮೂರಿನ ಹೆಸರು ಮರೆತು "ಗೋಲಿನ ಟಗರು ಇಳಿಯೋರು ಬರ್ರಿ" ಎನ್ನತೊಡಗಿದರು. ಓಟು ಕೇಳಲು ಬಂದವರೆಲ್ಲ ಮೊದಲು ತಮ್ಮ ಕೊರಳಿಗೆ ಹಾರ ಹಾಕಿದರು. ತಾವು ಯಾವ ಪಕ್ಷಕ್ಕೂ ಭೇದ ಮಾಡದೆ ಎಲ್ಲರ ಹಾರವನ್ನೂ ಸಮನಾಗಿ ತಿಂದಿರಿ. ಸಂತೆಬೀದಿಯಲ್ಲಿ ಕ್ಷೌರದಂಗಡಿಯವನು 'ಲಾಸ್ಟ್ ಮಿನಿಟ್ ಕಟಿಂಗ್ ಶಾಪ್' ಎಂದು ಬೋರ್ಡು ಬರೆಸಿದ್ದಾನೆ. ಹೆಸರಿಗೆ ತಕ್ಕಂತೆ ಮದುಮಗ ಹಸೆಮಣೆಗೆ ಹೊರಡುವ ಹೊತ್ತಿಗೆ ಅರ್ಧ ಗಡ್ಡ ಮಾತ್ರ ಮುಗಿಸಿರುತ್ತಾನೆ.

ಇದಿಷ್ಟನ್ನೂ ನಾನು ಲಾಭದ ಕಡೆಗೇ ಹಾಕುತ್ತೇನೆ. ನುಕ್ಸಾನ ಬೇರೆ ಕಡೆ ಆಯಿತು. ತಮ್ಮ ಗೋಲಾದ ದಿನದಿಂದ ಈ ಊರಿನವರು ಕೊನೇ ನಿಮಿಷಕ್ಕೆ ಮುಂಚೆ ಏನನ್ನೂ ಮಾಡುವುದನ್ನು ಬಿಟ್ಟುಬಿಟ್ಟರು. ಹತ್ತನೇ ತರಗತಿಯ ಹುಡುಗರಿಗೆ ಓದಿರೋ ಎಂದರೆ, "ಕೊನೇ ನಿಮಿಷಕ್ಕ ಟಗರು ಬರ್ತೈತಿ ಬಿಡ್ರಿ" ಎನ್ನುತ್ತಾರೆ. ಚರಂಡಿ ತೆಗೆಸಿ ಎಂದು ಪಂಚಾಯ್ತಿಗೆ ಹೋದರೆ, ಮಳೆ ಬರುವ ಮುಂಚೆ ಚರಂಡಿ ತೆಗೆಸುವುದು ತಮ್ಮ ಮೇಲಿನ ಅಪನಂಬಿಕೆಯಾಗುತ್ತದಂತೆ. ಊರಿನ ಫುಟ್‌ಬಾಲ್ ತಂಡವಂತೂ ಅಭ್ಯಾಸವನ್ನೇ ನಿಲ್ಲಿಸಿತು. ಮರುವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಆರು ಗೋಲು ತಿಂದಾಗಲೂ ನಮ್ಮ ಹುಡುಗರು ಆಡದೆ ಬೇಲಿಯ ಕಡೆಯೇ ನೋಡುತ್ತಿದ್ದರು. ಆವತ್ತು ತಾವು ಬರಲಿಲ್ಲ. ತಮಗೆ ಬೇರೆ ಕಡೆ ಸನ್ಮಾನವಿತ್ತು.

ಗಾದಿಲಿಂಗನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಬೇಲಿಗೆ ಒದ್ದ ಆ ಒಂದು ಒದೆತದ ಮೇಲೆ ಅವನು ಆರು ವರ್ಷದಿಂದ ಕುಳಿತು ಉಣ್ಣುತ್ತಿದ್ದಾನೆ. ಎಲ್ಲಿ ಸಭೆಯಾದರೂ ವೇದಿಕೆ ಹತ್ತಿ ಆ ಚೆಂಡಿನ ಕಥೆ ಹೇಳುತ್ತಾನೆ. ಮೊದಲು ಅವನು ಚೆಂಡು ಒದ್ದದ್ದು ಗೋಲಿನ ಹತ್ತಿರದಿಂದ. ಎರಡು ವರ್ಷದಲ್ಲಿ ಅದು ನಡುಗೆರೆಗೆ ಬಂತು. ಈಚೆಗೆ ನಮ್ಮದೇ ಗೋಲಿನ ಮುಂದಿನಿಂದ ಒದ್ದೆ ಎನ್ನುತ್ತಿದ್ದಾನೆ. ಹೀಗೇ ಬಿಟ್ಟರೆ ಬರುವ ದಸರೆಗೆ ಆ ಚೆಂಡು ಕೂಡ್ಲಿಗಿ ಬಸ್ ಸ್ಟ್ಯಾಂಡಿನಿಂದ ಹೊರಡುತ್ತದೆ. ಮೈಕು ನನ್ನದೇ ಆದ್ದರಿಂದ ಪ್ರತಿಸಲವೂ ಕೇಳುವ ಭಾಗ್ಯ ನನ್ನದು.

ಸೋತ ಅಂಜಿನಿಗೆ ಮಾತ್ರ ಯಾರೂ ವೇದಿಕೆ ಹಾಕಲಿಲ್ಲ. ಎತ್ತಿನಗುಡ್ಡದವರು ಅವನಿಗೆ 'ಕೈಮುಗುದ ಅಂಜಿನಿ' ಎಂದು ಹೆಸರಿಟ್ಟರು. ಮದುವೆ ಮನೆಯಲ್ಲಿ ಹಿರಿಯರಿಗೆ ನಮಸ್ಕಾರ ಮಾಡಲು ಕೈ ಎತ್ತಿದರೆ ಸಾಕು, ಹಿಂದಿನಿಂದ ಯಾರೋ "ಗೋಲ್!" ಎಂದು ಕೂಗುತ್ತಾರೆ. ಪಾಪ, ಅವನು ಯಾರಿಗೂ ಕೈ ಮುಗಿಯುವುದನ್ನೇ ಬಿಟ್ಟ. ಈಗ ಅಹಂಕಾರಿ ಎಂಬ ಹೆಸರೂ ಬಂದಿದೆ. ಒಮ್ಮೆ ಕೊಟ್ಟೂರಿನಲ್ಲಿ ಚಹಾ ಕುಡಿಯುವಾಗ ಸಿಕ್ಕವನು, "ಏನ್ ಮಾಡ್ಲಿ ಗಂಗಣ್ಣ, ದೇವ್ರು ಎದುರಿಗೆ ಬಂದ್ರ ಕೈ ನಮ್ಮ ಮಾತು ಕೇಳ್ತಾವೇನು?" ಎಂದ. ಅವನ ಚಹಾದ ದುಡ್ಡನ್ನೂ ನಾನೇ ಕೊಟ್ಟು ಬಂದೆ. ಎರಡು ಊರಿನ ನಡುವೆ ಕುರಿ ಮಾರುವುದು ಕೊಳ್ಳುವುದು ನಿಂತಿದೆ, ಹೆಣ್ಣು ಕೊಡುವುದು ತರುವುದು ನಿಂತಿದೆ, ನನ್ನ ಶಾಮಿಯಾನ ಹಳ್ಳ ದಾಟಿ ಆರು ವರ್ಷವಾಯಿತು.

ಇಷ್ಟಾದರೂ ನಾನು ಪತ್ರ ಬರೆಯುವವನಲ್ಲ. ಬರೆಯಿಸಿದ್ದು ಕೀರ್ತನಾ.

ತಾವು ಅವಳನ್ನು ಬಲ್ಲಿರಿ. ತಮ್ಮನ್ನು ದೇವರಿಗೆ ಬಿಟ್ಟ ದೊಡ್ಡಬೀರಪ್ಪನ ಮೊಮ್ಮಗಳು. ಚಿಕ್ಕವಳಿದ್ದಾಗ ಜ್ವರ ಬಂದು ಕಣ್ಣು ತೆರೆಯದೆ ಮಲಗಿದ್ದಾಗ, ಮಗು ಬದುಕಿದರೆ ಮಂದೆಯಲ್ಲಿ ಒಳ್ಳೆಯ ಮರಿಯೊಂದನ್ನು ನಿನಗೆ ಬಿಡುತ್ತೇನೆಂದು ಅಜ್ಜ ಬೀರಪ್ಪನಿಗೆ ಹೇಳಿಕೊಂಡ. ಆ ಮರಿಯೇ ತಾವು. ಅವಳು ಬದುಕಿದಳು, ಬೆಳೆದಳು, ಈಗ ನಮ್ಮೂರ ಹೆಣ್ಣುಮಕ್ಕಳ ತಂಡದ ಗೋಲ್‌ಕೀಪರ್. ಗಂಡಸರು ಬೇಲಿ ನೋಡುತ್ತಾ ಕುಳಿತ ಕಾಲದಲ್ಲಿ ಈ ಹುಡುಗಿಯರು ಸದ್ದಿಲ್ಲದೆ ಆಡಿ ಐದು ತಾಲೂಕು ಕಪ್ಪಿನ ಫೈನಲ್ಲಿಗೆ ಬಂದು ನಿಂತಿದ್ದಾರೆ. ಎದುರಾಳಿ ಹಡಗಲಿಯವರು. ಚೀಟಿ ಎತ್ತಿದಾಗ ಆಟ ನಮ್ಮೂರಿನಲ್ಲೇ ಎಂದೂ ಆಯಿತು.

ತೊಡಕು ಎಲ್ಲಿದೆಯೆಂದರೆ, ಮೂಡಣ ಗೋಲು ತಮ್ಮದಾದ್ದರಿಂದ ಈ ಹುಡುಗಿಯರು ಅರ್ಧ ಮೈದಾನದಲ್ಲಿ, ಪಡುವಣದ ಒಂದೇ ಗೋಲಿಗೆ ಆಡಿ ಕಲಿತವರು. ಎರಡೂ ಕಡೆಯವರು ಅದೇ ಗೋಲಿಗೆ ಒದೆಯುತ್ತಾರೆ. ಚೆಂಡು ಈ ಕಡೆ ಬಂದರೆ ತಮಗೆ ನಿದ್ರಾಭಂಗವಾಗುತ್ತದೆ. ಪಡುವಣ ಗೋಲಿನಲ್ಲಿ ನಿಂತ ಕೀರ್ತನಾಳಿಗೆ ಸಂಜೆಯ ಸೂರ್ಯ ಯಾವಾಗಲೂ ಬೆನ್ನ ಹಿಂದೆ. ಆಟದಲ್ಲಿ ಅರ್ಧ ಹೊತ್ತು ಮೂಡಣ ಗೋಲಿನಲ್ಲೂ ನಿಲ್ಲಬೇಕಲ್ಲ, ಅಲ್ಲಿ ಸೂರ್ಯ ನೆಟ್ಟಗೆ ಕಣ್ಣಿಗೆ ಹೊಡೆಯುತ್ತಾನೆ. ಬೇರೆ ಊರಿನಲ್ಲಿ ನಡೆದ ಸೆಮಿಫೈನಲ್ಲಿನಲ್ಲಿ ಅವಳು ತಿಂದ ಒಂದೇ ಗೋಲು ಹಾಗೆ ಬಂದದ್ದು. ಬೆಳಕಿನೊಳಗಿಂದ ಚೆಂಡು ಹೊರಬಿದ್ದದ್ದು ಅವಳಿಗೆ ಕಾಣಲೇ ಇಲ್ಲ. ಫೈನಲ್ಲಿಗೆ ಮುಂಚೆ ಹತ್ತು ಸಂಜೆಯಾದರೂ ಬಿಸಿಲಿಗೆ ಮುಖ ಕೊಟ್ಟು ನಿಂತು ಅಭ್ಯಾಸ ಮಾಡದಿದ್ದರೆ ಅವಳ ಕಥೆ ಮುಗಿದಂತೆ. ಅದರ ಜೊತೆಗೆ ಮೈದಾನ ನೋಡಲು ಬಂದ ಕಪ್ಪಿನ ಕಮಿಟಿಯವರು ಕಟ್ಟೆ ನೋಡಿ, ತಗಡು ನೋಡಿ, ತಮ್ಮನ್ನು ನೋಡಿ, "ವಾರದೊಳಗ ಗೋಲು ಖಾಲಿ ಮಾಡ್ಸಿ. ಇಲ್ಲಾಂದ್ರ ಆಟ ಇಲ್ದಂಗ ಕಪ್ಪು ಹಡಗಲಿಗೆ ಹೋಗ್ತದ" ಎಂದು ಹೇಳಿ ಹೋದರು.

ಊರಿನ ಹಿರಿಯರು ತಮ್ಮ ಕಟ್ಟೆಯ ಮುಂದೆಯೇ ಸೇರಿದರು. "ಹೆಣ್ಣ್ ಹುಡ್ಗೇರ ಆಟಕ್ಕ ದೇವ್ರನ್ನ ಎಬ್ಬಿಸ್ತಾರೇನಲೇ?" ಎಂದು ಎರ್ರೆಮ್ಮ ಶುರು ಮಾಡಿದಳು. ತಮ್ಮನ್ನು ಎಬ್ಬಿಸುವ ಹಕ್ಕು ಯಾರಿಗಿದೆ ಎಂಬುದೇ ದೊಡ್ಡ ಚರ್ಚೆಯಾಯಿತು. ಎಲ್ಲರ ಕಣ್ಣು ದೊಡ್ಡಬೀರಪ್ಪನ ಮೇಲೆ. ಆ ಮನುಷ್ಯ ಕಂಬಳಿ ಹೊದ್ದು ನೆಲ ನೋಡುತ್ತಾ, "ಬಿಟ್ಟಾಂವ ನಾನು ಖರೆ. ಬಿಟ್ಟ ಮ್ಯಾಲ ನಂದಲ್ಲ" ಎಂದ. ಆಗ ಕೀರ್ತನಾ ಗುಂಪಿನ ಹಿಂದಿನಿಂದ ಹೇಳಿದಳು: "ತಾತ, ನಾ ಬದುಕ್ಲಿ ಅಂತ ಬಿಟ್ಟಿದ್ದಲ್ಲ ಅದನ್ನ? ಬದುಕೀನಿ. ಈಗ ಆಡಾಕ ಬಿಡು."

ತಾವು ಮೆಲುಕು ಹಾಕುತ್ತಲೇ ಇದ್ದಿರಿ.

ಕೊನೆಗೆ ತಮ್ಮನ್ನೇ ಅಪ್ಪಣೆ ಕೇಳುವುದೆಂದು ತೀರ್ಮಾನವಾಯಿತು. ಬಲಕ್ಕೆ ತಿರುಗಿದರೆ ಒಪ್ಪಿಗೆ, ಎಡಕ್ಕೆ ತಿರುಗಿದರೆ ಇಲ್ಲ. ಕರ್ಪೂರ ಹಚ್ಚಿದರು, ತಾವು ಎಡಕ್ಕೆ ತಿರುಗಿದಿರಿ. ತಮ್ಮ ತೀರ್ಪನ್ನು ಪ್ರಶ್ನಿಸುವಷ್ಟು ದೊಡ್ಡವನು ನಾನಲ್ಲ. ಆದರೆ ಮೈಕಿನ ಕಂಬ ನೆಡಲು ನಾನು ನಿಂತಿದ್ದ ಜಾಗದಿಂದ ಕಂಡದ್ದನ್ನು ಹೇಳಿದರೆ ತಪ್ಪಿಲ್ಲ: ತಮ್ಮ ಎಡಗಡೆ ಗಾದಿಲಿಂಗ ಮಂಡಿಯೂರಿ ಕುಳಿತಿದ್ದ, ಭಕ್ತಿಯಿಂದ ಕಣ್ಣು ಮುಚ್ಚಿದ್ದ, ಅವನ ಉಡಿಯ ತುಂಬ ಹಸಿ ಶೇಂಗಾ ಬಳ್ಳಿ ಇತ್ತು. ಗೋಲು ಖಾಲಿಯಾಗಿ ಅಲ್ಲಿ ಹುಡುಗಿಯರು ನಿಜವಾಗಿಯೂ ಆಡತೊಡಗಿದರೆ ಅವನ ಕಥೆಯನ್ನು ಕೇಳುವವರಾರು? ನಾನು ಅದನ್ನು ಅಲ್ಲೇ ಮೈಕಿನಲ್ಲಿ ಹೇಳಿದೆ. "ದೇವರ ಕೆಲಸದಾಗ ಮೈಕ್ ಯಾಕ ಬೇಕಲೇ ನಿನಗ?" ಎಂದು ವೈರು ಕಿತ್ತರು. ಆ ವೈರೂ ನನ್ನದೇ.

ಆದ್ದರಿಂದ ಘನತೆವೆತ್ತ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ತಾವು ದಯಮಾಡಿ ಎದ್ದು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಬೇವಿನ ಮರದ ಕೆಳಗೆ ಮಲಗಬೇಕು. ನೆರಳು ಅಲ್ಲಿ ತಗಡಿಗಿಂತ ತಂಪು, ಶಾಮಿಯಾನವನ್ನೂ ನಾನೇ ಪುಕ್ಕಟೆ ಹಾಕಿಸಿಕೊಡುತ್ತೇನೆ. ಅದಾಗದಿದ್ದರೆ, ಅಂದಿನ ಚೆಂಡು ಹಣೆಗೆ ತಾಗಿದ್ದು ಆಕಸ್ಮಿಕವೆಂದೂ ತಾವು ಬಂದದ್ದು ಗರಿಕೆಗಾಗಿಯೆಂದೂ ತಾಲೂಕು ಕಚೇರಿಯಲ್ಲಿ ಗೊರಸಿನ ಗುರುತು ಒತ್ತಿ ಬರೆದುಕೊಡಬೇಕು. ಅದೂ ಆಗದಿದ್ದರೆ ಹತ್ತನೇ ತರಗತಿಯ ಹುಡುಗರ ಪರೀಕ್ಷೆಗೆ, ಚರಂಡಿ ಕಟ್ಟಿಕೊಂಡ ಓಣಿಗೆ, ಗಡ್ಡ ಅರ್ಧ ಉಳಿದ ಮದುಮಗನ ಹತ್ತಿರಕ್ಕೆ ಕೊನೇ ನಿಮಿಷದಲ್ಲಿ ಖುದ್ದಾಗಿ ಹಾಜರಾಗುವ ಜವಾಬ್ದಾರಿಯನ್ನು ವಹಿಸಿಕೊಳ್ಳಬೇಕು. ಹೆಸರು ತಮ್ಮದು, ಕೆಲಸ ಯಾರದೂ ಅಲ್ಲ ಎಂಬ ವ್ಯವಹಾರ ಎಷ್ಟು ದಿನ ನಡೆದೀತು?

ತಾವು ಇವುಗಳಲ್ಲಿ ಯಾವುದನ್ನೂ ಮಾಡುವುದಿಲ್ಲವೆಂಬುದು ಗೊತ್ತಿದ್ದರಿಂದ ಹುಡುಗಿಯರು ತಮ್ಮ ಉತ್ತರಕ್ಕೆ ಕಾಯಲಿಲ್ಲ. ಸಭೆ ಮುಗಿದ ಮಾರನೆಯ ದಿನ ಅಂಜಿನಿ ಸ್ವತಃ ನನ್ನ ಅಂಗಡಿಗೆ ಬಂದ. ಆರು ವರ್ಷದಲ್ಲಿ ಎತ್ತಿನಗುಡ್ಡದವನೊಬ್ಬ ಹಳ್ಳ ದಾಟಿ ಬಂದದ್ದು ಅದೇ ಮೊದಲು. "ನಮ್ಮೂರಾಗ ಎರಡೂ ಗೋಲು ಖಾಲಿ ಅದಾವ ಗಂಗಣ್ಣ. ಹುಡ್ಗೇರನ್ನ ಕಳ್ಸು" ಎಂದ. ವೈರಿ ಊರಿಗೆ ನಮ್ಮ ಹೆಣ್ಣುಮಕ್ಕಳೇ ಎಂದು ಎರ್ರೆಮ್ಮ ಅನ್ನ ಬಿಟ್ಟಳು, ಮಧ್ಯಾಹ್ನಕ್ಕೆ ಮತ್ತೆ ಉಂಡಳು. ಸಂಜೆ ದೊಡ್ಡಬೀರಪ್ಪ ಯಾರನ್ನೂ ಕೇಳದೆ ತನ್ನ ಟ್ರ್ಯಾಕ್ಟರ್ ಹೊರಗೆ ತೆಗೆದು, ಟ್ರೇಲರಿನಲ್ಲಿ ಹುಲ್ಲು ಹಾಸಿ, "ಹತ್ರಿ" ಎಂದ. ಅಷ್ಟೇ. ಮಾತು ಬಲ್ಲವರು ಒಂದು ಸಭೆಯಿಡೀ ಮಾಡಲಾಗದ ಕೆಲಸ.

ಈಗ ದಿನಾ ಸಂಜೆ ಕೀರ್ತನಾ ಎತ್ತಿನಗುಡ್ಡದ ಮೂಡಣ ಗೋಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಾಳೆ, ಅಂಜಿನಿ ಬಿಸಿಲಿನ ಕಡೆಯಿಂದ ಒದೆಯುತ್ತಾನೆ. "ಸೂರ್ಯನ್ನ ನೋಡಬ್ಯಾಡವ್ವ, ನೆಲ ನೋಡು. ಚೆಂಡಿಗಿಂತ ಮೊದಲ ಅದರ ನೆಳ್ಳು ನಿನ್ನ ಹತ್ರ ಬರ್ತೈತಿ" ಎನ್ನುತ್ತಾನೆ. ಮೊದಲ ಸಂಜೆ ಹತ್ತಕ್ಕೆ ಎಂಟು ಒಳಗೆ ಹೋದವು. ನಿನ್ನೆ ಎರಡು. ಕಮಿಟಿಯವರೂ ಆ ಮೈದಾನವನ್ನು ನೋಡಿ ಒಪ್ಪಿದ್ದಾರೆ. ಫೈನಲ್ ಭಾನುವಾರ ಸಂಜೆ ಎತ್ತಿನಗುಡ್ಡದಲ್ಲಿ. ನಮ್ಮೂರಿನ ಅರ್ಧ ಜನ ಬರುವುದಿಲ್ಲವೆಂದು ಆಣೆ ಮಾಡಿದ್ದಾರೆ, ಉಳಿದರ್ಧ ಜನ ಟ್ರ್ಯಾಕ್ಟರಿನಲ್ಲಿ ಜಾಗ ಹಿಡಿದಿದ್ದಾರೆ. ಮೈಕು ನನ್ನದು.

ತಮ್ಮಲ್ಲಿ ಕೊನೆಯದಾಗಿ ಕೇಳಿಕೊಳ್ಳುವುದಿಷ್ಟೇ: ಭಾನುವಾರ ಹಳ್ಳ ದಾಟಬೇಡಿ. ಕಟ್ಟೆ ತಮ್ಮದೇ, ತಗಡು ತಮ್ಮದೇ, ಗಾದಿಲಿಂಗನನ್ನೂ ತಮ್ಮ ಸೇವೆಗೆ ಬಿಟ್ಟು ಹೋಗುತ್ತಿದ್ದೇವೆ.

ತಮ್ಮ ವಿಶ್ವಾಸಿ, ಆದರೆ ತಮ್ಮ ಕೊಂಬಿಗೆ ನಿಲುಕದಷ್ಟು ದೂರದಲ್ಲಿ ನಿಂತಿರುವ,
ಗಂಗಾಧರ
ಗಂಗಾಧರ ಸೌಂಡ್ಸ್ ಹಾಗೂ ಶಾಮಿಯಾನ

ತಾ.ಕ.: ಇಷ್ಟು ಬರೆದ ಮೇಲೆ ನನ್ನೊಳಗಿನ ವ್ಯಾಪಾರಿ ಸುಮ್ಮನಿರದೆ ಇನ್ನೊಂದು ಸಾಲು ಸೇರಿಸಿದ್ದ. ಅಕಸ್ಮಾತ್ ಕೊನೇ ನಿಮಿಷದಲ್ಲಿ ನಮ್ಮ ಹುಡುಗಿಯರು ಒಂದು ಗೋಲಿನಿಂದ ಹಿಂದಿದ್ದರೆ ತಾವು ಹಡಗಲಿಯವರ ಗೋಲಿನ ಕಡೆ ಒಂದು ಸುತ್ತು ಅಡ್ಡಾಡಿ ಹೋಗಬಹುದೆಂದೂ, ತಮಗಾಗಿ ನನ್ನ ಶಾಮಿಯಾನದ ಗಾಡಿಯಲ್ಲಿ ಗುಟ್ಟಾಗಿ ಜಾಗ ಇಡಿಸುತ್ತೇನೆಂದೂ. ಗೋಡೆಗೆ ಅಂಟಿಸುವ ಮುಂಚೆ ಕೀರ್ತನಾ ಅದನ್ನು ಓದಿದಳು. "ಮಾಮ, ಅದನ್ನ ಹೊಡದ್ಹಾಕ್ರಿ. ಗೆದ್ರ ನಾವು ಗೆದ್ವಿ ಅನ್ಬೇಕು. ಗೋಲು ಬಿದ್ರ ನನ್ನಿಂದ ಬಿತ್ತು ಅನ್ಲಿ, ಇನ್ಯಾರ ಹೆಸ್ರೂ ಬ್ಯಾಡ" ಎಂದಳು. ಆದ ಕಾರಣ ಆ ಸಾಲನ್ನು ಹೊಡೆದುಹಾಕಿದ್ದೇನೆ. ತಾವು ಮಲಗಿರಿ.